ಪ್ರಾಣಿ, ಪ್ರಾಸ, ಚಿತ್ರ: ಶಿಶುಪುಸ್ತಕದ ಚರಿತ್ರೆ

ಮಕ್ಕಳ ಕೈಗೆ ಬರುವ ಮೊದಲನೆಯ ಪುಸ್ತಕದಲ್ಲಿ ಸಾಮಾನ್ಯವಾಗಿ ಮೂರು ಅಂಗಗಳಿರುತ್ತವೆ: ಒಂದು ಪ್ರಾಣಿ, ಅದರ ಚಿತ್ರ, ಅದನ್ನು ಕುರಿತ ಪ್ರಾಸಬದ್ಧವಾದ ಪದ್ಯ. ಹಿರಿಯರು ಪದ್ಯವನ್ನು ಓದುತ್ತಾರೆ; ಅಕ್ಷರವನ್ನರಿಯದ ಮಗು ಚಿತ್ರವನ್ನು ಓದುತ್ತದೆ; ಕೆಲವು ದಿನಗಳಲ್ಲಿ ಪದ್ಯವೂ ಅದರ ಬಾಯಿಗೆ ಬಂದಿರುತ್ತದೆ. ನೋಡಲು ಅತ್ಯಲ್ಪವಾದ ಈ ಪುಸ್ತಕಕ್ಕೂ ಒಂದು ಚರಿತ್ರೆಯುಂಟು. ಉತ್ತಮಪಾಳಯಂ, ಕಂಬಂ ಪ್ರಾಂತದ ಕನ್ನಡಿಗರಾದ ನಮಗೆ ಅದು ಬರಿಯ ಕುತೂಹಲದ ವಿಷಯವಲ್ಲ. ಮನೆಯಲ್ಲಿ ಕನ್ನಡವನ್ನಾಡಿ, ಶಾಲೆಯಲ್ಲಿ ತಮಿಳನ್ನು ಓದಿ ಬರೆಯುವ ಮಕ್ಕಳು ಈ ಕಣಿವೆಯಲ್ಲಿದ್ದಾರೆ. ಅಕ್ಷರಜ್ಞಾನವನ್ನು ಮುಂಗಡವಾಗಿ ಬೇಡದೆ ಅವರಿಗೆ ಕನ್ನಡವನ್ನು ತಲುಪಿಸಬಲ್ಲ ಪುಸ್ತಕ ಇಂತಹುದೇ ಅಲ್ಲವೆ?

ಕನ್ನಡ ಸಾಹಿತ್ಯದಲ್ಲಿ ಮಾತನಾಡುವ ಪ್ರಾಣಿಗಳು ಹೊಸಬರಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಆದರೆ ಅವನ ಸಿಂಹವೂ ನರಿಯೂ ನುಡಿದುದು ರಾಜನೀತಿಯನ್ನು; ಗ್ರಂಥವು ಚಂಪೂರೂಪದ್ದು, ಪಂಡಿತರಿಗೆ ತಕ್ಕುದು. ಪ್ರಾಸವೂ ನಮ್ಮಲ್ಲಿ ಹಳೆಯದೇ. ಪ್ರತಿಯೊಂದು ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ನಿಯಮವನ್ನು ಪೂರ್ವಕವಿಗಳು ನಿಷ್ಠೆಯಿಂದ ಪಾಲಿಸಿದರು. ತಮಿಳು ತರಗತಿಯಲ್ಲಿ ನಮ್ಮ ಮಕ್ಕಳು ಕಲಿಯುವ ‘ಎದುಗೈ’ ಎಂಬುದೂ ಇದರ ಒಡಹುಟ್ಟೇ. ಪ್ರಾಣಿಯೂ ಇತ್ತು, ಪ್ರಾಸವೂ ಇತ್ತು. ಇಲ್ಲದಿದ್ದುದು ಎಳೆಯ ಮಗುವಿಗೆಂದೇ ಬರೆಯಬೇಕೆಂಬ ಭಾವನೆ.

ಚಿತ್ರದ ಕಡೆಯಿಂದ ನೋಡಿದರೆ, ಯೂರೋಪಿನಲ್ಲಿ ದಾರಿ ತೋರಿದವನು ಕೊಮೀನಿಯಸ್ ಎಂಬ ಶಿಕ್ಷಕ. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಅವನ ಸಚಿತ್ರ ಪಠ್ಯಪುಸ್ತಕದಲ್ಲಿ ಅಕ್ಷರಮಾಲೆಯನ್ನು ಬಹುಮಟ್ಟಿಗೆ ಪ್ರಾಣಿಗಳಿಂದ ಕಲಿಸಿದೆ. ಹೆಚ್ಚಿನ ಅಕ್ಷರಗಳ ಧ್ವನಿಗೆ ಕಾಗೆ, ಕುರಿ ಮುಂತಾದ ಪ್ರಾಣಿಗಳ ಕೂಗನ್ನು ಜೊತೆಗೂಡಿಸಿ ಚಿತ್ರವನ್ನು ಕೊಟ್ಟಿದ್ದಾನೆ. ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳು ಅಕ್ಕಪಕ್ಕದಲ್ಲಿವೆ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಪ್ರಾಣಿಯ ಚಿತ್ರವೇ ಸೇತುವೆಯೆಂಬುದನ್ನು ಆತ ಅಂದೇ ಕಂಡುಕೊಂಡಿದ್ದನು.

ಕನ್ನಡ ನಾಡಿನಲ್ಲಿ ಅಚ್ಚಿನ ಕೆಲಸ ಬಲಗೊಂಡ ಊರುಗಳಲ್ಲಿ ಮಂಗಳೂರು ಮುಖ್ಯವಾದುದು. 1843ರಲ್ಲಿ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ಕಲ್ಲಚ್ಚಿನಲ್ಲಿ. ಅಕ್ಷರವನ್ನೂ ಗೆರೆಯ ಚಿತ್ರವನ್ನೂ ಒಂದೇ ಕಲ್ಲಿನ ಮೇಲೆ ಬರೆಯಬಹುದಾದುದು ಈ ವಿಧಾನದ ಸೌಕರ್ಯ. ಆದರೂ ಕನ್ನಡ ಮಗುವಿಗೆ ಮೊದಲು ದೊರೆತುದು ಚಿತ್ರವಲ್ಲ, ಹಾಡು.

ಆ ಹಾಡನ್ನು ಕೊಟ್ಟವರಲ್ಲಿ ಅಗ್ರಗಣ್ಯರು ‘ಕವಿಶಿಷ್ಯ’ರೆಂದು ಬರೆಯುತ್ತಿದ್ದ ಪಂಜೆ ಮಂಗೇಶರಾಯರು (1874–1937). ಅವರು ಶಿಕ್ಷಕರಾಗಿದ್ದರು, ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದರು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಮನೆಮಾತು ಕೊಂಕಣಿ. ಅವರ ಜಿಲ್ಲೆಯ ಅನೇಕ ವಿದ್ಯಾರ್ಥಿಗಳ ಮನೆಮಾತು ತುಳು. ಆ ಜಿಲ್ಲೆ ನಮ್ಮ ಮಧುರೆಯ ಸೀಮೆಯಂತೆಯೇ ಅಂದು ಮದರಾಸು ಪ್ರಾಂತಕ್ಕೆ ಸೇರಿತ್ತು. ಮನೆಯ ನುಡಿ ಬೇರೆ, ಶಾಲೆಯ ನುಡಿ ಬೇರೆಯಾದ ಮಕ್ಕಳ ಕಷ್ಟವನ್ನು ಕಂಡವರು ಅವರು. ‘ಹಾವಿನ ಹಾಡಿ’ನಲ್ಲಿ ಹಾವಿನ ವರ್ಣನೆಯನ್ನು ಒಪ್ಪಿಸದೆ, ಮಗು ಹಾವನ್ನೇ ಕರೆದು ಮಾತನಾಡಿಸುವಂತೆ ಮಾಡಿದರು. ಅದೇ ಕಾಲದಲ್ಲಿ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ತ್ಯಜಿಸಿ ಪದ್ಯ ರಚಿಸಿದರು. ಕಟ್ಟು ಸಡಿಲವಾದ ಮೇಲೆ ಸಾಲಿನ ಕೊನೆಯ ಪ್ರಾಸಕ್ಕೆ ಹೊಸಗನ್ನಡದಲ್ಲಿ ಹಾದಿ ಸುಗಮವಾಯಿತು. ಎಳೆಯ ಕಿವಿ ಬೇಗನೆ ಹಿಡಿಯುವುದು ಈ ಅಂತ್ಯಪ್ರಾಸವನ್ನೇ.

ಬಳಿಕ ಬಂದವರು ಜಿ. ಪಿ. ರಾಜರತ್ನಂ. ಎಂ.ಎ. ಪದವೀಧರರಾದ ಅವರು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಪಠ್ಯದ ಪದ್ಯ ಮಕ್ಕಳಿಗೆ ಎಟುಕದುದನ್ನು ಕಂಡು ತಾವೇ ಬರೆಯತೊಡಗಿದರು. ಅವರ ‘ನಾಯಿಮರಿ’ ಪದ್ಯವು ಪ್ರಶ್ನೋತ್ತರ ರೂಪದ್ದು. ತರಗತಿಯ ಅರ್ಧ ಮಕ್ಕಳು ಕೇಳಿದರೆ ಉಳಿದರ್ಧ ನಾಯಿಮರಿಯಾಗಿ ಉತ್ತರ ಹೇಳಬಹುದು. ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನವೊಂದನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಮಾರ್ಪಡಿಸಿದಾಗ ಇಲಿಗಳ ಹಿಂಡಿಗೆ ಹಿಂಡೇ ಕನ್ನಡದ್ದಾಯಿತು. ಅದು ಪದಕ್ಕೆ ಪದವಿಟ್ಟ ಭಾಷಾಂತರವಲ್ಲವೆಂಬುದನ್ನು ಗಮನಿಸಬೇಕು.

ಚಿತ್ರವು ನಿಧಾನವಾಗಿ ಬಂದಿತು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿ ಪ್ರಕಟವಾದುವು, ಆದರೆ ಅವು ಓದಬಲ್ಲ ಮಕ್ಕಳಿಗಾಗಿ ರಚಿತವಾದುವು. 1957ರಲ್ಲಿ ದೆಹಲಿಯಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ನ್ಯಾಷನಲ್ ಬುಕ್ ಟ್ರಸ್ಟ್ ಎಂಬ ಎರಡು ಸಂಸ್ಥೆಗಳು ಹುಟ್ಟಿದುವು. ಎರಡನೆಯದು 1969ರಲ್ಲಿ ಆರಂಭಿಸಿದ ನೆಹರೂ ಬಾಲ ಪುಸ್ತಕಾಲಯದಲ್ಲಿ ಒಂದೇ ಪುಸ್ತಕವು ಹಲವು ಭಾರತೀಯ ಭಾಷೆಗಳಲ್ಲಿ ಬರುವಂತಾಯಿತು. ಬಣ್ಣದ ಚಿತ್ರದ ಅಚ್ಚಿಗೆ ವೆಚ್ಚ ಹೆಚ್ಚು; ಚಿತ್ರವನ್ನು ಎಲ್ಲ ಭಾಷೆಗಳಿಗೂ ಸಮಾನವಾಗಿಟ್ಟು ಅಕ್ಷರವನ್ನು ಮಾತ್ರ ಬದಲಿಸಿದರೆ ಬೆಲೆ ಇಳಿಯುತ್ತದೆ. 1996ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಹ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ತಂದಿವೆ. ಇದು ದೊಡ್ಡ ಉಪಕಾರವೇ ಸರಿ.

ಆದರೆ ಈ ಏರ್ಪಾಟಿನಲ್ಲಿ ಒಂದು ತೊಡಕುಂಟು. ಚಿತ್ರವು ಭಾಷೆಯ ಗಡಿಯನ್ನು ದಾಟುತ್ತದೆ, ಪ್ರಾಸವು ದಾಟದು. ಅಮೆರಿಕದಲ್ಲಿ ಡಾಕ್ಟರ್ ಸ್ಯೂಸ್ ಎಂಬ ಹೆಸರಿನಿಂದ ಬರೆದವರು 1957ರಲ್ಲಿ ಟೊಪ್ಪಿಗೆಯ ಬೆಕ್ಕೊಂದರ ಕಥೆಯನ್ನು ಕೇವಲ 236 ಬೇರೆಬೇರೆ ಪದಗಳಿಂದ ಹೆಣೆದರು. ಆ ಭಾಷೆಯಲ್ಲಿ ‘ಕ್ಯಾಟ್’ ಎಂದೊಡನೆ ‘ಹ್ಯಾಟ್’ ಎಂಬುದು ತಾನೇ ಬರುತ್ತದೆ. ಕನ್ನಡದ ಬೆಕ್ಕಿಗೂ ಟೊಪ್ಪಿಗೆಗೂ ಅಂತಹ ನಂಟಿಲ್ಲ. ಅಷ್ಟು ದೂರವೇಕೆ? ತಮಿಳಿನಲ್ಲಿ ‘ಪೂನೈ’ ‘ಯಾನೈ’ಗಳು ಪ್ರಾಸದ ಜೋಡಿ, ಕನ್ನಡದಲ್ಲಿ ಬೆಕ್ಕೂ ಆನೆಯೂ ಅಪರಿಚಿತರು. ನಮ್ಮ ಬೆಕ್ಕಿಗೆ ಕೊಕ್ಕು, ಚೊಕ್ಕ, ಚಿಕ್ಕ ಎಂಬ ಮಾತುಗಳು ಹತ್ತಿರ. ಇಲಿಗೆ ಹುಲಿಯೇ ಗೆಳೆಯ. ತಮಿಳಿನಲ್ಲಿಯೂ ‘ಎಲಿ’ಗೆ ‘ಪುಲಿ’ಯೇ. ಪರಭಾಷೆಯ ಪದ್ಯವನ್ನು ಅನುವಾದಿಸಿದಾಗ ಪ್ರಾಸ ಉದುರಿ ಗದ್ಯ ಉಳಿಯುತ್ತದೆ, ಇಲ್ಲವೆ ಪ್ರಾಸಕ್ಕಾಗಿ ಮಾತು ಸೊಟ್ಟಗಾಗುತ್ತದೆ. ಆದುದರಿಂದ ಚಿತ್ರವನ್ನು ಹೊರಗಿನಿಂದ ತರಬಹುದಾದರೂ, ಪ್ರಾಸವು ಆ ನುಡಿಯನ್ನಾಡುವವರಲ್ಲಿಯೇ ಹುಟ್ಟಬೇಕು.

ಈ ಕಣಿವೆಯಲ್ಲಿ ಅದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಡಬ್ಲ್ಯು. ಫ್ರಾನ್ಸಿಸ್ ಅವರು ಬರೆದು 1906ರಲ್ಲಿ ಅಚ್ಚಾದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಕಂಬದ ಕನ್ನಡ ಮಾತಾಡುವ ಕಪ್ಪಿಲಿಯರ ಪವಿತ್ರ ಗೋವುಗಳ ವಿಷಯ ಬಂದಿದೆ. ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನಿಸುವ ಆ ಹಿಂಡಿಗೆ ಕನ್ನಡದಲ್ಲಿ ‘ದೇವರ ಆವು’ ಎಂದು ಹೆಸರು; ಹಿಂಡಿನ ಅರಸನಾದ ಹೋರಿಯೇ ‘ಪಟ್ಟದ ಆವು’. ಅದು ತೀರಿಕೊಂಡರೆ, ಗೊತ್ತುಪಡಿಸಿದ ಶುಭದಿನದಂದು ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನಿರಿಸಿ, ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿಡುವುದೋ ಅದಕ್ಕೇ ಪಟ್ಟ ಕಟ್ಟುವ ಪದ್ಧತಿಯನ್ನು ಅಲ್ಲಿ ವರ್ಣಿಸಿದೆ. ಮಕ್ಕಳ ಚಿತ್ರಪುಸ್ತಕಕ್ಕೆ ಇದಕ್ಕಿಂತ ಸೊಗಸಾದ ಕಥೆ ಬೇಕೆ? ‘ಆವು’ ಎಂಬುದು ನಮ್ಮ ಹಳೆಯ ಕಾವ್ಯಗಳ ಪದ. ಕನ್ನಡ ನಾಡಿನ ಪೇಟೆಗಳಲ್ಲಿ ಈಗ ಹಸು ಎಂಬುದೇ ಬಳಕೆಯ ಮಾತು. ಆ ಹಳೆಯ ಪದವನ್ನು ಇಲ್ಲಿನ ಕನ್ನಡಿಗರ ನಾಲಗೆ ಕಾಯ್ದುಕೊಂಡು ಬಂದಿತು.

ಪ್ರಾಣಿಗಳ ಹೆಸರಿನಿಂದ ಭಾಷೆಯ ಚರಿತ್ರೆಯನ್ನೂ ಕಲಿಸಬಹುದು. ತಮಿಳಿನ ಪುಲಿ, ಪನ್ರಿ, ಪಲ್ಲಿ, ಪಾಂಬುಗಳು ಕನ್ನಡದಲ್ಲಿ ಹುಲಿ, ಹಂದಿ, ಹಲ್ಲಿ, ಹಾವುಗಳು. ಹಳಗನ್ನಡದ ಪಕಾರವು ಹಕಾರವಾದ ನಿಯಮವನ್ನು ವ್ಯಾಕರಣದ ಮಾತಿಲ್ಲದೆ ನಾಲ್ಕು ಚಿತ್ರಗಳಿಂದಲೇ ಮಗು ಗ್ರಹಿಸೀತು. ನರಿ, ನಾಯಿ, ಕರಡಿಗಳಂತೂ ಎರಡು ಭಾಷೆಗಳಲ್ಲಿಯೂ ಒಂದೇ. ಇನ್ನು ಆವು–ಹಾವು ಎಂಬ ಪ್ರಾಸದ ಜೋಡಿ ಕನ್ನಡಕ್ಕೆ ಮಾತ್ರ ಸಲ್ಲುವುದು. ಹಕಾರವನ್ನು ನುಂಗುವ ನಾಲಗೆಗೆ ಅದು ಉಚ್ಚಾರಣೆಯ ಪಾಠವೂ ಹೌದು!

ಆದುದರಿಂದ ಶಿಕ್ಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮನೆಯ ಹಿರಿಯರು ದನ, ಕರು, ಹಕ್ಕಿ, ಹುಳುಗಳಿಗೆ ಹೇಳುವ ಕನ್ನಡ ಹೆಸರುಗಳನ್ನು ವಿದ್ಯಾರ್ಥಿಗಳಿಂದ ಬರೆಯಿಸಿರಿ, ಪ್ರಾಸದ ಜೋಡಿಗಳನ್ನು ಅವರಿಂದಲೇ ಹುಡುಕಿಸಿರಿ, ಒಂದೊಂದಕ್ಕೂ ಗೆರೆಯ ಚಿತ್ರವನ್ನು ಬರೆಯಿಸಿರಿ. ತಮಿಳು ಲಿಪಿಯನ್ನು ಮಾತ್ರ ಬಲ್ಲ ಮಕ್ಕಳಿಗಾಗಿ ಕನ್ನಡ ಪದ್ಯದ ಕೆಳಗೆ ಅದೇ ಪದ್ಯವನ್ನು ತಮಿಳಕ್ಷರಗಳಲ್ಲಿಯೂ ಕೊಡಬಹುದು. ಅಂದಿನ ಕಲ್ಲಚ್ಚಿನಂತೆ ನಮ್ಮ ಪತ್ರಿಕೆಯ ಮೇಣಕಾಗದವೂ ಅಕ್ಷರವನ್ನೂ ಗೆರೆಯನ್ನೂ ಭೇದವಿಲ್ಲದೆ ಹೊರುತ್ತದೆ. ಹನ್ನೆರಡು ಪ್ರಾಣಿಗಳು, ಹನ್ನೆರಡು ಪದ್ಯಗಳು, ಹನ್ನೆರಡು ಚಿತ್ರಗಳು ಸಾಕು. ಅಂತಹ ಪುಸ್ತಕದ ಮೊದಲನೆಯ ಪುಟದಲ್ಲಿ ಕಂಬದ ಪಟ್ಟದ ಆವು ಕಬ್ಬನ್ನು ಮೇಯುತ್ತ ನಿಂತಿರಲಿ ಎಂಬುದು ನಮ್ಮ ಆಶಯ.