ರಸ್ತೆ ತಡೆಯದ ಹೋರಾಟ: ಮೈಸೂರಿನ ಪರಿಸರ ಪ್ರತಿಭಟನೆ ಮತ್ತು ನಾಯಕರ ಮೇಲಿನ ಅಪನಂಬಿಕೆ

ಮೈಸೂರಿನ ಚಾಮರಾಜಪುರಂನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ರಾಮಸ್ವಾಮಿ ವೃತ್ತವಿದೆ. 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದು. ಜವಾಬ್ದಾರಿ ಸರ್ಕಾರ ಬೇಕೆಂದು ಬೀದಿಗಿಳಿದವರು ಆ ದಿನಗಳ ದಿವಾನರ ಆಡಳಿತಕ್ಕೆ ಶಾಂತಿಭಂಗ ಮಾಡುವವರಾಗಿ ಕಂಡಿದ್ದರು. ಅದೇ ವರ್ಷದ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು, ಶಾಂತಿಭಂಗ ಚರಿತ್ರೆಯಾಯಿತು, ವೃತ್ತಕ್ಕೆ ಹೆಸರಾಯಿತು. ಹೀಗಾಗಿ ಆಳುವವರನ್ನು ನಂಬದೆ ಬೀದಿ ಹಿಡಿಯುವುದು ಈ ನಗರಕ್ಕೆ ಹೊಸದಲ್ಲ. ಆದರೂ ಇಲ್ಲಿನ ಈಚಿನ ಪರಿಸರ ಹೋರಾಟಗಳು ರಸ್ತೆ ತಡೆಗೆ ಅಷ್ಟಾಗಿ ಕೈಹಾಕಿಲ್ಲ. ಅವುಗಳ ಮುಖ್ಯ ಸಾಧನ ಮನವಿ, ಸಹಿ ಸಂಗ್ರಹ, ಮೌನ, ಮೇಣದಬತ್ತಿ. ಇದು ಅಂಜಿಕೆಯೋ ಆಯ್ಕೆಯೋ ಎಂಬುದು ಈ ಲೇಖನದ ಪ್ರಶ್ನೆ.

ಹವಾಮಾನ ಪ್ರತಿಭಟನೆ ಎಂದೊಡನೆ ಜಗತ್ತಿಗೆ ನೆನಪಾಗುವುದು ಯುರೋಪಿನ ದೃಶ್ಯಗಳು. 2022ರ ಅಕ್ಟೋಬರ್ 14ರಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ‘ಜಸ್ಟ್ ಸ್ಟಾಪ್ ಆಯಿಲ್’ನ ಇಬ್ಬರು ಯುವತಿಯರು ವ್ಯಾನ್ ಗಾಗ್‌ನ ಸೂರ್ಯಕಾಂತಿ ಚಿತ್ರದ ಗಾಜಿನ ಮೇಲೆ ಟೊಮೆಟೊ ಸೂಪ್ ಎರಚಿದರು. ಅದೇ ಸಂಘಟನೆ ಎಂ25 ಹೆದ್ದಾರಿಯನ್ನೂ ನಿಲ್ಲಿಸಿತು. 2023ರಲ್ಲಿ ಬ್ರಿಟನ್ ಪ್ರತಿಭಟನೆಯ ಕಾನೂನನ್ನು ಬಿಗಿಗೊಳಿಸಿತು. 2024ರ ಜುಲೈನಲ್ಲಿ ಹೆದ್ದಾರಿ ತಡೆಗೆ ಸಂಚು ಹೂಡಿದ್ದಕ್ಕಾಗಿ ಅದೇ ಸಂಘಟನೆಯ ರೋಜರ್ ಹ್ಯಾಲಮ್‌ಗೆ ಐದು ವರ್ಷ ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ ಅದು ನಾಲ್ಕಕ್ಕೆ ಇಳಿಯಿತು. ಇಂಥ ಅಡ್ಡಿ ಜನರ ಸಹಾನುಭೂತಿಯನ್ನು ಕಳೆಯುತ್ತದೆಯೇ ಎಂದು ಅಲ್ಲಿನ ವಿದ್ವಾಂಸರು ಕೇಳುತ್ತಾರೆ. ಆ ಪ್ರಶ್ನೆಯ ಹಿಂದೊಂದು ಊಹೆಯಿದೆ: ದೈನಂದಿನ ಬದುಕಿಗೆ ಅಡ್ಡಿಯಾಗುವುದು ಅಪರೂಪ, ಅದನ್ನು ಮಾಡುವವರು ಅಧಿಕಾರದ ಹೊರಗಿನವರು. ಕರ್ನಾಟಕದಲ್ಲಿ ಈ ಊಹೆಯ ಎರಡು ಕಾಲೂ ಮುರಿದಿವೆ.

2023ನ್ನೇ ನೋಡಿ. ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಮಳೆ ಕೊರತೆಯಿಂದ ಹುಟ್ಟಿದ ಈ ಜಗಳವನ್ನು ಹವಾಮಾನ ಪ್ರತಿಭಟನೆ ಎಂದು ಯಾರೂ ಕರೆಯಲಿಲ್ಲ. ಅದು ಕನ್ನಡದ ಪ್ರಶ್ನೆ, ರೈತರ ಪ್ರಶ್ನೆ, ನೆರೆರಾಜ್ಯದ ಪ್ರಶ್ನೆಯಾಗಿಯೇ ಉಳಿಯಿತು. ಮುಂದಿನ ವರ್ಷದ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸಹೋದ್ಯೋಗಿಗಳೊಡನೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ತೆರಿಗೆ ಪಾಲಿನ ಜೊತೆಗೆ ಬರ ಪರಿಹಾರವೂ ಬೇಡಿಕೆಯಾಗಿತ್ತು. ಸರ್ಕಾರವೇ ಇನ್ನೊಂದು ಸರ್ಕಾರದ ಮೇಲೆ ಅಪನಂಬಿಕೆಯನ್ನು ಬೀದಿಯಲ್ಲಿ ಸಾರುವ ನಾಡಿನಲ್ಲಿ ಮೈಸೂರಿನ ನಾಗರಿಕ ಯಾವುದನ್ನು ಅಸಾಮಾನ್ಯವೆಂದು ಭಾವಿಸಬೇಕು? ನಿನ್ನೆ ಬಂದ್‌ಗೆ ಕರೆ ಕೊಟ್ಟವರು ಇಂದು ಮಂತ್ರಿ. ಇಂದಿನ ಮಂತ್ರಿ ನಾಳೆ ಧರಣಿಯಲ್ಲಿ. ಇಲ್ಲಿ ಅಡ್ಡಿಪಡಿಸುವಿಕೆ ರಾಜಕಾರಣದ ಚಲಾವಣೆಯ ನಾಣ್ಯ. ನಾಯಕರ ಮೇಲಿನ ಸಂಶಯ ಆ ನಾಣ್ಯಕ್ಕೂ ಅಂಟಿಕೊಂಡಿದೆ.

ಪರಿಸರವಾದಿಗಳು ಇದಕ್ಕಿಂತ ಬೇರೆಯಾದ ದಾರಿಯನ್ನು ಹಿಂದೆ ಕಂಡುಕೊಂಡಿದ್ದರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಬರಬಾರದೆಂಬ ಫಲಕಗಳನ್ನು ಊರ ಬಾಗಿಲಲ್ಲಿ ನೆಟ್ಟಿತು. ಅಪನಂಬಿಕೆ ಅಷ್ಟು ನೇರವಾಗಿ ಬರಹಕ್ಕಿಳಿದದ್ದು ಕಡಿಮೆ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಬಿತ್ತಿದರು. ನಾಲ್ಕು ವರ್ಷದ ನಂತರ, 1987ರ ನವೆಂಬರ್ 14ರಂದು, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಸಿತು. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕಟ್ಟಿದ್ದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸಾವಿರಾರು ಹೆಕ್ಟೇರ್ ಗೋಮಾಳ ಮತ್ತು ಅರಣ್ಯಭೂಮಿಯನ್ನು ಬಿಟ್ಟುಕೊಟ್ಟದ್ದು ವಿವಾದದ ಮೂಲ. ಕಿತ್ತವರ ಕೈಯಲ್ಲೇ ನೆಡುವ ಸಸಿಯೂ ಇತ್ತು, ಸುಪ್ರೀಂ ಕೋರ್ಟಿನಲ್ಲಿ ಅರ್ಜಿಯೂ ಇತ್ತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಕಂಪನಿ ಮುಚ್ಚಿತು. ಅಡ್ಡಿಯಾದದ್ದು ದಾರಿಹೋಕನಿಗಲ್ಲ, ಆಕ್ಷೇಪಕ್ಕೆ ಗುರಿಯಾದ ಕೆಲಸಕ್ಕೇ. ಈ ವ್ಯತ್ಯಾಸ ಲಂಡನ್ನಿನ ಚರ್ಚೆಯಲ್ಲಿ ಮಸುಕಾಗುತ್ತದೆ. ಇದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತದ್ದನ್ನು ನಮ್ಮ ಚಳವಳಿಗಳ ಚರಿತ್ರೆಕಾರರು ತಮಾಷೆಯ ಅಡಿಟಿಪ್ಪಣಿಯಂತೆ ದಾಟಿಬಿಡುತ್ತಾರೆ. ನನಗೆ ಅದು ದೊಡ್ಡ ಸಂಗತಿ. ಕಾರಂತರನ್ನು ಓದಿದವರೂ ಗೌರವಿಸಿದವರೂ ಮತಗಟ್ಟೆಯಲ್ಲಿ ಬೇರೆಯವರನ್ನು ಆರಿಸಿದರು. ನಾಯಕರ ಮೇಲಿನ ಅಪನಂಬಿಕೆ ಚಳವಳಿಗೆ ಮತವಾಗಿ ತಾನಾಗಿಯೇ ಹರಿದುಬರುವುದಿಲ್ಲ.

ಮೈಸೂರಿನ ಎರಡು ಪ್ರಕರಣಗಳನ್ನು ಈಗ ಅಕ್ಕಪಕ್ಕ ಇಡಬಹುದು. 2021ರ ಅಕ್ಟೋಬರ್‌ನ ಮಳೆಗೆ ಚಾಮುಂಡಿ ಬೆಟ್ಟದ ನಂದಿ ಮಾರ್ಗ ಕುಸಿಯಿತು. ಬೆಟ್ಟ ಎಷ್ಟು ಭಾರ ಹೊರಬಲ್ಲದು ಎಂಬ ಮಾತು ಕಾವೇರಿರುವಾಗಲೇ, 2022ರ ಮಾರ್ಚ್‌ನ ಬಜೆಟ್‌ನಲ್ಲಿ ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಅಲ್ಲಿಗೆ ರೋಪ್‌ವೇ ಪ್ರಕಟಿಸಿತು. ಸಹಿ ಸಂಗ್ರಹವಾಯಿತು, ನಡಿಗೆಯಾಯಿತು, ಪತ್ರಿಕೆಗಳಲ್ಲಿ ಪತ್ರಗಳು ಬಂದವು, ರಾಜಮನೆತನದವರೂ ಬೇಡವೆಂದರು. ಜುಲೈ ಹೊತ್ತಿಗೆ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಒಂದು ಬಸ್ಸನ್ನೂ ನಿಲ್ಲಿಸಬೇಕಾಗಲಿಲ್ಲ.

2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲೀಕರಣಕ್ಕೆಂದು ಹೈದರಾಲಿ ರಸ್ತೆಯ 40 ಮರಗಳನ್ನು ಕಡಿಯಲಾಯಿತು. ಹೆಚ್ಚಿನವರಿಗೆ ವಿಷಯ ತಿಳಿದದ್ದು ಮರಗಳು ಉರುಳಿದ ಮೇಲೆ. ಜನ ಬಂದರು, ದುಃಖಿಸಿದರು, ಘೋಷಣೆ ಕೂಗಿದರು. ಆದರೆ ತಡೆಯಲು ಏನೂ ಉಳಿದಿರಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯಂತೆ, ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ಸಾರ್ವಜನಿಕರ ಆಕ್ಷೇಪ ಆಹ್ವಾನಿಸಬೇಕು. ನಲವತ್ತಕ್ಕೆ ಆ ಬಾಧ್ಯತೆಯಿಲ್ಲ. ಇದರಲ್ಲಿ ಯಾರದೋ ಹುನ್ನಾರವಿತ್ತೆಂದು ನಾನು ಹೇಳುತ್ತಿಲ್ಲ, ಹೇಳಲು ಆಧಾರವೂ ಇಲ್ಲ. ಆದರೆ ಹುನ್ನಾರವಿಲ್ಲದೆಯೂ ಕಾನೂನು ಅಪನಂಬಿಕೆಯನ್ನು ಬೆಳೆಸಬಲ್ಲದು. ಫ್ರೆಂಚ್ ಚಿಂತಕ ಪಿಯೆರ್ ರೊಸನ್ವಲ್ಲೋ ಸಂಘಟಿತ ಅಪನಂಬಿಕೆಯನ್ನು ಪ್ರಜಾಪ್ರಭುತ್ವದ ಕಾವಲು ಎನ್ನುವ ಅರ್ಥದಲ್ಲಿ ವಿವರಿಸುತ್ತಾರೆ. ಕಾಯುವವನಿಗೆ ಕಳ್ಳಗಂಡಿ ಮೊದಲೇ ಕಾಣಬೇಕಷ್ಟೆ. ರೋಪ್‌ವೇ ಬಜೆಟ್‌ನಲ್ಲಿ ಬಂದದ್ದರಿಂದ ಕಾವಲಿಗೆ ನಾಲ್ಕು ತಿಂಗಳು ಸಿಕ್ಕಿತು. ಹೈದರಾಲಿ ರಸ್ತೆಯಲ್ಲಿ ಸಿಕ್ಕಿದ್ದು ಬೊಡ್ಡೆಗಳು. ಎರಡೂ ಕಡೆ ಪ್ರತಿಭಟನೆಯ ರೀತಿ ಸೌಮ್ಯವೇ; ಫಲವನ್ನು ನಿರ್ಧರಿಸಿದ್ದು ಸುದ್ದಿ ತಲುಪಿದ ಹೊತ್ತು.

ಸೌಮ್ಯವಾಗಿದ್ದರೆ ಪ್ರಭುತ್ವ ಸುಮ್ಮನಿರುತ್ತದೆ ಎಂದೇನೂ ಇಲ್ಲ. ಬೆಂಗಳೂರಿನ ಹವಾಮಾನ ಕಾರ್ಯಕರ್ತೆ ದಿಶಾ ರವಿ 2021ರ ಫೆಬ್ರವರಿ 13ರಂದು ದೆಹಲಿ ಪೊಲೀಸರಿಂದ ಬಂಧಿತರಾದರು. ರೈತ ಹೋರಾಟದ ಬೆಂಬಲಕ್ಕೆ ಸಿದ್ಧವಾಗಿದ್ದ ಒಂದು ದಾಖಲೆಯನ್ನು ತಿದ್ದಿ ಹಂಚಿದ ಆರೋಪಕ್ಕೆ ರಾಜದ್ರೋಹದ ಕಲಮು ಬಿತ್ತು. ಹತ್ತು ದಿನದ ಮೇಲೆ ಜಾಮೀನು ಸಿಕ್ಕಿತು. ಅವರು ಯಾವ ರಸ್ತೆಯನ್ನೂ ತಡೆದಿರಲಿಲ್ಲ. ಇನ್ನು ಬೆಂಗಳೂರಿನ ಪ್ರತಿಭಟನೆಗಳೆಲ್ಲ ಈಗ ಫ್ರೀಡಂ ಪಾರ್ಕ್‌ಗೆ ಸೀಮಿತ. ಅದು ಹಿಂದೆ ಕೇಂದ್ರ ಕಾರಾಗೃಹವಾಗಿತ್ತೆಂಬುದು ವ್ಯಂಗ್ಯವಿಲ್ಲದೆ ಹೇಳಲಾಗದ ಸಂಗತಿ.

ಸುದ್ದಿ ತಲುಪಿದ ಹೊತ್ತೇ ಫಲವನ್ನು ನಿರ್ಧರಿಸಿತೆಂಬ ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಬೆಟ್ಟಕ್ಕಾಗಿ ಎದ್ದ ದನಿ ಓದುಬರಹ, ಬಿಡುವು, ಪರಿಚಯಗಳಿರುವ ನಗರದ ಬಡಾವಣೆಗಳದು. ಅದು ಕೇಳಿಸಿದ್ದರಲ್ಲಿ ಆಶ್ಚರ್ಯವೇನು? ನಿಜ. ಮೇಲಾಗಿ ಜನರ ವಿರೋಧ ಯಾವಾಗಲೂ ಪರಿಸರದ ಪರವಾಗಿರುವುದೂ ಇಲ್ಲ. ಕರ್ನಾಟಕದ ಪಶ್ಚಿಮಘಟ್ಟದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮವೆಂದು ಘೋಷಿಸುವ ಕೇಂದ್ರದ ಕರಡನ್ನು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ತಿರಸ್ಕರಿಸಿತು. ಅದರ ಬೆನ್ನಿಗಿದ್ದದ್ದು ಮಲೆನಾಡಿನ ಕೃಷಿಕರ ಭಯ: ಗೆರೆ ಎಳೆಯುವವರು ನಮ್ಮನ್ನು ಕೇಳಿಲ್ಲ. ಹೈದರಾಲಿ ರಸ್ತೆಯಲ್ಲಿ ನಿಂತವರ ದೂರೂ ಅದೇ ಆಗಿತ್ತು. ಒಬ್ಬರು ಮರಕ್ಕಾಗಿ, ಇನ್ನೊಬ್ಬರು ತೋಟಕ್ಕಾಗಿ ಒಂದೇ ತಕರಾರು ಎತ್ತಿದ್ದಾರೆ ಎಂಬುದನ್ನು ನಮ್ಮ ಪರಿಸರ ಅಧ್ಯಯನಗಳು ಸಾಕಷ್ಟು ಗಮನಿಸಿಲ್ಲ. ಮುಂದಿನ ಸಂಶೋಧನೆ ಎಷ್ಟು ಜನ ಬೀದಿಗೆ ಬಂದರೆಂದು ಎಣಿಸುವುದಕ್ಕಿಂತ ಮೈಸೂರಿನ ವೃಕ್ಷಾಧಿಕಾರಿಯ ಕಡತಗಳನ್ನು ಬಿಡಿಸಿ, 50ರೊಳಗಿನ ಅನುಮತಿಗಳು ಎಷ್ಟು, ಒಂದೇ ರಸ್ತೆಗೆ ಎಷ್ಟು ಕಂತುಗಳಲ್ಲಿ ಕೊಡಲಾಗಿದೆ ಎಂದು ಲೆಕ್ಕ ಹಾಕುವುದರಿಂದ ಆರಂಭವಾಗಬೇಕು.