ದೊಡ್ಡಸ್ವಾಮಿಯ ನೇಗಿಲು, ಬಳ್ಳಾರಿಯ ಬೈಬಲ್

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಏರಿಯ ಮೇಲೆ ನಿಂತಾಗಲೆಲ್ಲ ನಮ್ಮನ್ನು ಒಂದು ಪ್ರಶ್ನೆ ಕಾಡುತ್ತದೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟು ಹೊರಟ ಜನ ತಮ್ಮೊಂದಿಗೆ ಏನನ್ನು ಒಯ್ದಿರಬಹುದು? ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲೂ ಇದೇ ಕತೆ. ಅಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಪಾಳುಬಿದ್ದು ನಿಂತಿದೆ. ಗೋಡೆ ಮುಳುಗಿದ ಮೇಲೂ ಮುಳುಗದ ಧರ್ಮ ಎಲ್ಲಿರುತ್ತದೆ?

ಆ ಪಾದ್ರಿಗಳಿಗಿಂತ ಎರಡು ತಲೆಮಾರು ಹಿಂದೆ ಮೈಸೂರು ಸೀಮೆಗೆ ಬಂದವರು ಅಬ್ಬೆ ದುಬುವಾ. ಅವರು ಬರುವುದಕ್ಕೆ ಒಂದು ನೋವಿನ ಹಿನ್ನೆಲೆಯಿತ್ತು. 1784ರಲ್ಲಿ ಟಿಪ್ಪು ಸುಲ್ತಾನರು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದರು. ಎಷ್ಟು ಜನ ಎಂಬುದರಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ. ಆದರೆ ದಾರಿಯಲ್ಲಿ ಸತ್ತವರು, ಬಲವಂತದಿಂದ ಮತ ಬದಲಿಸಿದವರು ಇದ್ದರೆಂಬುದು ನಿಜ. ಟಿಪ್ಪುವನ್ನು ಅಭಿಮಾನದಿಂದ ನೆನೆಯುವ ನಾವು ಈ ಪುಟವನ್ನು ಮಗುಚಿ ಮುಂದೆ ಹೋಗಬಾರದು. 1799ರ ನಂತರ ದುಬುವಾ ಚದುರಿಹೋದ ಈ ಜನರನ್ನು ಒಟ್ಟುಗೂಡಿಸಿದರು.

ಅವರು ಈ ನೆಲದ ಉಡುಪು ತೊಟ್ಟರು, ಮಾಂಸ ಬಿಟ್ಟರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬನ್ನು ಅಮ್ಮನೆಂದು ಹೆದರುತ್ತಿದ್ದ ಕಾಲದಲ್ಲಿ, 1803-04ರಲ್ಲಿ, 25,432 ಜನರಿಗೆ ದೇವಿ ಹಾಕಿಸಿದರೆಂದು ದಾಖಲೆಯಿದೆ. ಜೆನ್ನರ್ ಈ ಮದ್ದನ್ನು ಪರೀಕ್ಷಿಸಿ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದರು. ನೆರೆಯವನು ಹಸಿದಿರುವಾಗ ಬರೀ ಹಾರೈಕೆಯಿಂದ ಅವನ ಹೊಟ್ಟೆ ತುಂಬದು ಎನ್ನುತ್ತದೆ ಬೈಬಲಿನ ಯಾಕೋಬನ ಪತ್ರಿಕೆ. ಆ ಮಾತು ಇಲ್ಲಿ ನೇಗಿಲಾಯಿತು, ಸೂಜಿಯಾಯಿತು.

ವಿಚಿತ್ರವೆಂದರೆ, ಬೈಬಲನ್ನು ಇಲ್ಲಿನ ಭಾಷೆಗಳಿಗೆ ತಂದು ಹಂಚುವುದಕ್ಕೆ ಇದೇ ದುಬುವಾ ವಿರೋಧಿಯಾಗಿದ್ದರು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಒಂದು ಅನುಭವ ಬರೆಯುತ್ತಾರೆ. ತಪ್ಪಿಹೋಗಿ ಮರಳಿಬಂದ ಮಗನ ಕತೆ ಹೇಳುವಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂದರಂತೆ. ಕೇಳಿದವರು ಕಸಿವಿಸಿಗೊಂಡು, ಇನ್ನು ಮುಂದೆ ಕರುವಿನ ಬದಲು ಕುರಿಮರಿ ಎನ್ನಿ ಎಂದು ಬುದ್ಧಿ ಹೇಳಿದರಂತೆ. ವಿವರಿಸುವವರಿಲ್ಲದೆ ಬರೀ ಗ್ರಂಥ ಕೈಗಿತ್ತರೆ ಅದು ದಾರಿ ತೋರದು ಎಂಬುದು ಅವರ ವಾದ.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇದಕ್ಕೆ ತದ್ವಿರುದ್ಧವಾದ ನಂಬಿಕೆಯಿಂದ ಕನ್ನಡ ಕಲಿತು ಅನುವಾದಕ್ಕೆ ಕುಳಿತಿದ್ದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಅದನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಆದರೆ ಹೊಲದಿಂದ ಬಂದ ಆಳು ದೀಪದ ಬೆಳಕಿನಲ್ಲಿ ತನ್ನ ಮಾತಿನಲ್ಲೇ ತನ್ನ ದೇವರ ಮಾತನ್ನು ಓದುವ ಬಾಗಿಲು ತೆರೆಯಿತು. ಪಾದ್ರಿ ಏನನ್ನು ಬಿಟ್ಟು ಹೇಳಿದ ಎಂದು ಅವನೇ ತಾಳೆ ನೋಡಬಹುದಾಯಿತು.

ಯಾರು ಸರಿ? ಅಕ್ಷರವನ್ನು ಅರಬಿಯಲ್ಲಿ, ಅರ್ಥವನ್ನು ಉರ್ದುವಿನಲ್ಲಿ, ಸಂತೆಯ ವ್ಯವಹಾರವನ್ನು ಕನ್ನಡದಲ್ಲಿ ಕಲಿತ ನಮಗೆ ಇದು ಪರರ ಮನೆಯ ಜಗಳವಲ್ಲ. ಧರ್ಮದ ಮಾತು ನಾವು ಅಕ್ಕಿ ಅಳೆಯುವ, ಸಾಲ ಕೇಳುವ, ನೆರೆಮನೆಯ ಸಾವಿಗೆ ಸಾಂತ್ವನ ಹೇಳುವ ಭಾಷೆಗೆ ಇಳಿಯದಿದ್ದರೆ ಅದು ಗೋಡೆಯೊಳಗೇ ಉಳಿಯುತ್ತದೆ. ಭಾಷೆಗಿಳಿದೂ ಕೈಗಿಳಿಯದಿದ್ದರೆ ಅದು ಕಪಾಟಿನಲ್ಲಿರುತ್ತದೆ. ಗೋಡೆಯಾಗಲಿ, ಕಪಾಟಾಗಲಿ, ನೀರು ಬಂದ ದಿನ ಅಲ್ಲೇ ಉಳಿಯುತ್ತವೆ. ಜನ ತಮ್ಮೊಂದಿಗೆ ಒಯ್ಯಬಲ್ಲದ್ದು ನಾಲಿಗೆಗೂ ಕೈಗೂ ರೂಢಿಯಾದದ್ದನ್ನು ಮಾತ್ರ.