ಚಾಡಿಕೋರನಿಗೆ ಹುಲ್ಲಿನ ಮೀಸೆ

ಬಲಿಪಾಡ್ಯಮಿಯ ಮರುದಿನ ನಮ್ಮ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ಗೊರೆಹಬ್ಬ. ಊರ ಕೊಟ್ಟಿಗೆಗಳ ಸಗಣಿಯೆಲ್ಲ ಬೀರೇಶ್ವರನ ಗುಡಿ ಬಳಿ ರಾಶಿ ಬೀಳುತ್ತದೆ. ಕ್ಯಾಮೆರಾ ಹಿಡಿದು ಬರುವವರಿಗೆ ಗಂಡಸರ ಸಗಣಿ ಎರಚಾಟವೇ ಹಬ್ಬ. ಇಲ್ಲೇ ಮೇಷ್ಟರಾಗಿ ತಲೆ ನರೆತ ನನಗೆ ಹಬ್ಬದ ತಿರುಳು ಚಾಡಿಕೋರ. ಒಬ್ಬನಿಗೆ ಹುಲ್ಲಿನ ಗಡ್ಡ ಮೀಸೆ ಕಟ್ಟಿ, ಕತ್ತೆ ಹತ್ತಿಸಿ, ಬೈಯುತ್ತ ಮೆರವಣಿಗೆ ತರುತ್ತಾರೆ. ಕೊನೆಗೆ ಚಾಡಿಕೋರನ ಬೊಂಬೆ ಸುಡುತ್ತಾರೆ.

ಕತ್ತೆ ಮೇಲೆ ಕೂತವನು ಯಾರ ಮೇಲೂ ಚಾಡಿ ಹೇಳಿದವನಲ್ಲ. ನಿಜವಾಗಿ ಹೇಳಿದವನು ಗುಂಪಿನಲ್ಲಿದ್ದು ತಾನೂ ಬೈಯುತ್ತಿರುತ್ತಾನೆ. ಆ ಬೈಗುಳ ಯಾರಿಗೆ ತಾಕಿತೆಂಬುದು ಅವನೊಬ್ಬನಿಗೇ ಗೊತ್ತು. ಹೆಸರು ಹಿಡಿಯದೆ ಬುದ್ಧಿ ಹೇಳುವ ಈ ಉಪಾಯ ಹಿರಿಯರದು.

ಅದು ಸಾಲದೆ ಹೋದ ಕಾಲವೊಂದು ಬಂತು. ತಾಳವಾಡಿ ಎಂದರೆ ನಾಡಿಗೆ ನೆನಪಾಗುವುದು 2000ದ ಜುಲೈ 30, ದೊಡ್ಡ ಗಾಜನೂರಿನಿಂದ ನಟ ರಾಜಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ ರಾತ್ರಿ. ಕಾಡಂಚಿನ ಬಡವರಿಗೆ ಅದಕ್ಕೂ ಹಿಂದಿನ ಹತ್ತು ವರ್ಷ ಮರೆಯದು. ಪೊಲೀಸರಿಗೆ ಸುಳಿವು ಕೊಟ್ಟನೆಂಬ ಗುಮಾನಿ ಬಂದರೆ ವೀರಪ್ಪನ್ ಕೊಲ್ಲುತ್ತಿದ್ದ. ಅವನಿಗೆ ಅಕ್ಕಿ ಕೊಟ್ಟನೆಂಬ ಗುಮಾನಿ ಬಂದರೆ ಅವನನ್ನು ಹಿಡಿಯಲು ಬಂದ ಪೊಲೀಸರ ಟಾಸ್ಕ್ ಫೋರ್ಸ್ ಎಳೆದೊಯ್ಯುತ್ತಿತ್ತು. ಎರಡೂ ಕಡೆಯವರು ಕೇಳುತ್ತಿದ್ದುದು ಒಂದೇ: ಒಂದು ಹೆಸರು ಹೇಳು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಪಡೆಗಳಿಂದ ನೊಂದ ಹಳ್ಳಿಗರು ಅದರ ಮುಂದೆ ಹೇಳಿಕೆ ಕೊಟ್ಟರು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು.

ಪೆಟ್ಟು ತಿಂದವರ ಲೆಕ್ಕ ಹೀಗೆ ಕಾಗದಕ್ಕೆ ಬಂತು. ಪೆಟ್ಟು ತಾಳದೆ ನೆರೆಯವನ ಹೆಸರು ಬಾಯಿಬಿಟ್ಟವನು ಯಾವ ಪಟ್ಟಿಗೆ ಸೇರಬೇಕು? ಹೊಟ್ಟೆಕಿಚ್ಚಿಗೆ ಹೇಳಿದವನಿಗೆ ಗುಮಟಾಪುರದಲ್ಲಿ ಕತ್ತೆಯುಂಟು, ಬೆಂಕಿಯುಂಟು. ಜೀವಭಯಕ್ಕೆ ಹೇಳಿದವನು ಚಾಡಿಕೋರನಲ್ಲ, ಆದರೂ ಅವನ ಎದೆ ಅವನನ್ನು ಬಿಟ್ಟಿಲ್ಲ. ಅವನಿಗೆ ಹಬ್ಬವೂ ಇಲ್ಲ, ಆಯೋಗವೂ ಇಲ್ಲ.

2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ಈಗ ಒಂದೇ ಪಂಕ್ತಿಯಲ್ಲಿ ಕೂತು ಎಲ್ಲರೂ ಉಣ್ಣುತ್ತಾರೆ, ಹೇಳಿದ್ದು ಯಾರೆಂದು ಯಾರೂ ಕೇಳುವುದಿಲ್ಲ. ಊರು ಮರೆತಿದೆ ಎನ್ನುವವರಿದ್ದಾರೆ, ಕ್ಷಮಿಸಿದೆ ಎನ್ನುವವರೂ ಇದ್ದಾರೆ. ತಪ್ಪು ಒಪ್ಪಿಕೊಳ್ಳಲು ಒಂದು ಜಾಗವನ್ನೇ ಕೊಡದೆ ಕ್ಷಮಿಸಿದೆವು ಎನ್ನುವುದನ್ನು ನಾನಂತೂ ಒಪ್ಪಲಾರೆ.